ಮಂಚದಡಿಯ ಬೆಕ್ಕು ಮತ್ತು ಪೊರಕೆ

ಪ್ರಾಣಿಗಳ ಆಶ್ರಯಧಾಮದಿಂದ ಕೆಲವು ದಿನದ ಮಟ್ಟಿಗೆ ಸಾಕಲು ತಂದ ಅಂಜುಬುರುಕ ಬೆಕ್ಕು ವಾರಿಜಮ್ಮನ ಮಂಚದಡಿ ಸೇರಿಬಿಟ್ಟಿತ್ತು. ಅದನ್ನು ನೋಡಿ ಒಯ್ಯಲು ಭಾನುವಾರ ಒಂದು ಮನೆಯವರು ಬರುವವರಿದ್ದರು. ಅವಿತ ಬೆಕ್ಕನ್ನು ಯಾರು ಒಯ್ದಾರು?

"ಅಮ್ಮಾ, ನನ್ನಿಂದ ಒಮ್ಮೆ ತಿವಿಯಿರಿ, ಓಡಿ ಬರುತ್ತದೆ," ಎಂದಿತು ಪೊರಕೆ.

ವಾರಿಜಮ್ಮ ಪೊರಕೆಯನ್ನು ಮೂಲೆಗಿಟ್ಟು, ಮಂಚಕ್ಕೆ ಬೆನ್ನು ಮಾಡಿ ಅವರೆಕಾಯಿ ಸುಲಿಯಲು ನೆಲದ ಮೇಲೆ ಕೂತರು. ದಿನವೂ ಅದೇ ಜಾಗ, ಅದೇ ಹೊತ್ತು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಶನಿವಾರ ಒಂದು ಕಾಳು ಮಂಚದಡಿ ಉರುಳಿತು. ಸ್ವಲ್ಪ ಹೊತ್ತಿಗೆ ಅದೇ ಕಾಳು ಹೊರಗುರುಳಿತು. ಹಿಂದೆಯೇ ಬೆಕ್ಕು ಬಂದು ಸಿಪ್ಪೆಯ ರಾಶಿಯಲ್ಲಿ ಹೊರಳಾಡಿತು.

ಪೊರಕೆಗೆ ತಡೆಯಲಾಗಲಿಲ್ಲ. "ಅವರು ನಿನ್ನತ್ತ ತಿರುಗಿಯೂ ನೋಡಲಿಲ್ಲವಲ್ಲ! ಯಾಕೆ ಬಂದೆ?"

"ಅದಕ್ಕೇ ಬಂದೆ," ಎಂದಿತು ಬೆಕ್ಕು. "ನೀನೂ ಬಾ. ಸಿಪ್ಪೆಯೆಲ್ಲ ಚೆಲ್ಲಾಡಿದ್ದೇನೆ, ಈಗ ನಿನಗೆ ಕೆಲಸವಿದೆ."