ಗಿಡ್ಡಿ ಏರಿದ ದಿಬ್ಬ

ಬಹಳ ಹಿಂದೆ, ಹುಣಸೆದಿಬ್ಬ ಅಂತ ಒಂದೂರು. ಅದು ನಮ್ಮೂರೇ. ಅಲ್ಲಿಗೆ ಒಂದು ಪುಟ್ಟ ರೈಲು ಬರುತ್ತಿತ್ತಂತೆ. ಪುಟ್ಟದು ಅಂದರೆ, ಎರಡು ಕಂಬಿಗಳ ನಡುವೆ ಎರಡೂವರೆ ಅಡಿ ಅಷ್ಟೇ. ಒಂದು ಮೇಕೆ ಅಡ್ಡ ಮಲಗಿದರೆ ತಲೆ ಒಂದು ಕಂಬಿಗೆ, ಬಾಲ ಇನ್ನೊಂದಕ್ಕೆ. ಅದನ್ನೆಳೆಯುವ ಉಗಿ ಎಂಜಿನ್ನಿಗೆ ಜನ ಇಟ್ಟ ಹೆಸರು ಗಿಡ್ಡಿ. ಓಡಿಸುವವನು ಗೌಸ್ ಪೀರ್, ಊರಿಗೆಲ್ಲ ಗೌಸಣ್ಣ. ಕಿವಿಯಿಟ್ಟು ಕೇಳಿದರೆ ಸಾಕು, ಅವಳ ಹೊಟ್ಟೆಯಲ್ಲಿ ನೀರೆಷ್ಟಿದೆ ಅಂತ ಹೇಳುತ್ತಿದ್ದನಂತೆ.

ಒಂದು ಸಲ ರೈಲಿನ ದೊಡ್ಡ ಸಾಹೇಬರು ಬಂದರು. ಗಿಡ್ಡಿಗೆ ವಯಸ್ಸಾಯಿತು, ನಾಳೆ ನಾಲ್ಕು ಡಬ್ಬಿ ಎಳೆದುಕೊಂಡು ದಿಬ್ಬ ಹತ್ತಿದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಒಡೆದು ಗುಜರಿಗೆ ಅಂದರಂತೆ.

ಗಾಣದ ಅಕ್ಕಯ್ಯಮ್ಮ ಯೋಚಿಸಿದಳು. ಗಾಡಿಯ ಅಚ್ಚಿಗೆ ಎಣ್ಣೆ ಬಿಟ್ಟರೆ ಎತ್ತಿಗೆ ಹಗುರವಲ್ಲವೇ? ಬೆಳಿಗ್ಗೆಯೇ ಹೆಂಗಸರನ್ನು ಸೇರಿಸಿ, ದಿಬ್ಬದುದ್ದಕ್ಕೂ ಕಂಬಿಗೆ ಹರಳೆಣ್ಣೆ ಬಳಿದಳಂತೆ. ಪ್ರೀತಿಯಿಂದಲೇ ಬಳಿದದ್ದು, ಅದನ್ನು ಮರೆಯಬಾರದು.

ಗಿಡ್ಡಿ ಬಂದಳು. ಚಕ್ರ ತಿರುಗುತ್ತದೆ, ಗಿಡ್ಡಿ ಮಾತ್ರ ಮುಂದೆ ಹೋಗಳು. ಸಾಹೇಬರು ಗಡಿಯಾರ ನೋಡಿದರಂತೆ.

"ಏನ್ ಗೌಸಣ್ಣ, ಇವಳು ನಿಂತಲ್ಲೇ ರಾಗಿ ಬೀಸ್ತಾಳಲ್ಲ!" ಅಂದಳು ಅಕ್ಕಯ್ಯಮ್ಮ.

ಗೌಸಣ್ಣ ಇಳಿದ. ಕಂಬಿ ಮುಟ್ಟಿ ಬೆರಳು ಮೂಸಿದ.

"ಹಬ್ಬದ ಎಣ್ಣೆಸ್ನಾನ ಮಾಡಿಸಿದೀಯಲ್ಲ ತಾಯಿ! ಬೆಟ್ಟ ಹತ್ತೋಳ ಅಂಗಾಲಿಗೆ ಯಾರಾದ್ರೂ ಎಣ್ಣೆ ಹಚ್ತಾರಾ?"

ಚಕ್ರ ಕಂಬಿಯನ್ನು ಹಿಡಿದರೆ ತಾನೇ ಮುಂದೆ ಹೋಗುವುದು? ಪಾಚಿಗಲ್ಲಿನ ಮೇಲೆ ನಮ್ಮ ಕಾಲು ಜಾರಿದ ಹಾಗೆ ಅವಳದ್ದೂ ಜಾರುತ್ತಿತ್ತು. ಅಕ್ಕಯ್ಯಮ್ಮನ ಮುಖ ಕಪ್ಪಿಟ್ಟಿತು. ಗಂಡಸರು ತಳ್ಳಲು ಬಂದರು. ಯಾರೂ ಮುಟ್ಟಬೇಡಿ, ತಳ್ಳಿಸಿಕೊಂಡು ಹತ್ತಿದರೆ ಹತ್ತಿದ ಹಾಗಲ್ಲ ಅಂತ ಗೌಸಣ್ಣ ತಡೆದನಂತೆ. ತಲೆಯ ರುಮಾಲು ಬಿಚ್ಚಿ, ಮಂಡಿಯೂರಿ, ಕಂಬಿ ಒರೆಸುತ್ತಾ ಹೋದನಂತೆ. ಹಿಂದೆಯೇ ಅಕ್ಕಯ್ಯಮ್ಮ ಸೆರಗಿನಲ್ಲಿ ಒಣಮರಳು ಕಟ್ಟಿಕೊಂಡು, ಹಿಡಿಹಿಡಿಯಾಗಿ ಉದುರಿಸುತ್ತಾ ಹೋದಳಂತೆ. ಕೆಲವರು ನೂರು ಮಾರು ಅನ್ನುತ್ತಾರೆ, ಕೆಲವರು ಅರ್ಧ ಹರದಾರಿ.

ಆಮೇಲೆ ಗಿಡ್ಡಿ ಹತ್ತಿದಳು. ನಾಲ್ಕು ಡಬ್ಬಿ ಎಳೆದುಕೊಂಡು, ತಾನೇ ಹತ್ತಿದಳು. ತುದಿಯಲ್ಲಿ ಎಂಥ ಸೀಟಿ ಹಾಕಿದಳೆಂದರೆ, ಸಂಜೆಯಾಯಿತೆಂದು ಪಕ್ಕದೂರಿನ ದನಗಳು ಮಟಮಟ ಮಧ್ಯಾಹ್ನವೇ ಮನೆಗೆ ಬಂದವಂತೆ.

ಅವಳು ಇವತ್ತಿಗೂ ಭಾನುವಾರ ಭಾನುವಾರ ನೋಡಬಂದವರನ್ನು ಕೂರಿಸಿಕೊಂಡು ಓಡುತ್ತಾಳೆ. ದಿಬ್ಬದ ಬುಡದಲ್ಲಿ ಡ್ರೈವರ್ ಇಳಿದು, ಬಟ್ಟೆಯಿಂದ ಕಂಬಿಯನ್ನು ಒಮ್ಮೆ ಒರೆಸುತ್ತಾನೆ. ಊರಿನವಳೊಬ್ಬಳು ಹಿಡಿ ಮರಳು ಹಾಕುತ್ತಾಳೆ. ಮತ್ತೆ ನಮ್ಮೂರಲ್ಲಿ ಎಣ್ಣೆ ಮುಟ್ಟಿದವರು ಯಾರೇ ಆಗಲಿ, ಕೈಯನ್ನು ಮಣ್ಣಿಗೆ ಉಜ್ಜದೆ ಆ ಕಂಬಿ ದಾಟುವುದಿಲ್ಲ.