ಕುಂಬಾರ ಗುಂಡಯ್ಯನ ಆರು ಗುಳಿಗೆ

ಹೊಳೆದಂಡೆಯ ಒಂದು ಪಟ್ಟಣದಲ್ಲಿ ಮರಿಶೆಟ್ಟಿ ಎಂಬುವನು ಗ್ರಂದಿಗೆ ಅಂಗಡಿ ಇಟ್ಟಿದ್ದ. ಬೇರು, ಚೂರ್ಣ, ಗುಳಿಗೆ, ಯಾವ ಮದ್ದನ್ನಾದರೂ ಕಣ್ಣು ಮುಚ್ಚಿ ಮೂಸಿಯೇ ಹೆಸರು ಹೇಳುತ್ತಿದ್ದ. ಆ ಅಂಗಡಿಯ ಘಾಟಿಗೆ ಮೂರು ಊರಿನಾಚೆಯ ಎತ್ತುಗಳೂ ಸೀನುತ್ತಿದ್ದವು. ಸುಳ್ಳಲ್ಲ ಮಕ್ಕಳೇ, ಸೀನಿದ ಎತ್ತುಗಳಲ್ಲಿ ಒಂದು ನಮ್ಮ ಮುತ್ತಜ್ಜನ ಮುತ್ತಜ್ಜನದು.

ಅದೇ ಪಟ್ಟಣದಲ್ಲಿ ಭರಮಣ್ಣ ಎಂಬ ಪೈಲ್ವಾನನಿದ್ದ. ನಿದ್ದೆ ಬರುವುದಿಲ್ಲವೆಂದು ಅವನು ಯಾವುದೋ ಸಂತೆಯಲ್ಲಿ ನಿದ್ದೆಯ ಚೂರ್ಣ ಕೊಂಡ. ಚಿಟಿಕೆ ತಿನ್ನಬೇಕಾದ ಕಡೆ ಬೊಗಸೆ ತಿಂದ. ಒಂಬತ್ತು ದಿನ ಏಳಲಿಲ್ಲ. ಗುಬ್ಬಿಯೊಂದು ಅವನ ಮೀಸೆಯಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ಹಾರುವುದನ್ನೂ ಕಲಿಸಿತು. ಒಂಬತ್ತು ದಿನಕ್ಕೆ ಮರಿ ಹಾರುತ್ತದೆಯೇ ಎಂದು ಓದಿದವರು ಕೇಳುತ್ತಾರೆ. ಆ ಮೀಸೆಯ ಕಾವು ಅವರಿಗೇನು ಗೊತ್ತು?

ಸುದ್ದಿ ಕೇಳಿ ದೊರೆ ಹೆದರಿದರು. ಇವತ್ತು ಒಂಬತ್ತು ದಿನ ಮಲಗಿದವರು ನಾಳೆ ಎದ್ದೇಳದೆ ಹೋದರೆ? ಕೂಡಲೇ ಡಂಗುರ ಹೊಡೆಸಿದರು. ವೈದ್ಯರ ಓಲೆ ಇಲ್ಲದೆ ಮದ್ದು ಕೊಟ್ಟರೆ ಅಂಗಡಿಗೆ ಬೀಗ. ಒಂದು ಓಲೆಗೆ ಒಂದು ತಿಂಗಳ ಮದ್ದು. ಮುಗಿದರೆ ಹೊಸ ಓಲೆ.

ಒಳ್ಳೆಯ ಕಟ್ಟಳೆಯೇ. ಮರಿಶೆಟ್ಟಿ ಅದನ್ನು ಚಾಚೂ ತಪ್ಪದೆ ನಡೆಸಿದ. ಬಂದ ಓಲೆಗಳನ್ನು ಎಸೆಯದೆ, ಮನೆಗೊಂದು ದಾರ ಮಾಡಿ ಪೋಣಿಸಿ, ಅಂಗಡಿಯ ತೊಲೆಗೆ ನೇತುಹಾಕಿದ.

ಒಂದು ಮಳೆಗಾಲ ಊರಿನ ಒಬ್ಬರೇ ಒಬ್ಬ ವೈದ್ಯರು, ಪಂಡಿತರು, ರೋಗಿ ನೋಡಲು ಹೊಳೆ ದಾಟಿ ಹೋದರು. ಅವರು ಆಚೆ ದಡ ಮುಟ್ಟಿದ್ದೇ ತಡ, ಹೊಳೆ ಉಕ್ಕಿತು. ಅಂಬಿಗ ದೋಣಿಯನ್ನು ಮರಕ್ಕೆ ಕಟ್ಟಿ, "ಇನ್ನು ಮೂರು ದಿನ ನನ್ನನ್ನು ಕರೀಬೇಡಿ" ಅಂದ.

ಮಾರನೆಯ ಮಧ್ಯಾಹ್ನ ಕುಂಬಾರ ಗುಂಡಯ್ಯನ ಹೆಂಡತಿ ಗಿರಿಯಮ್ಮ ಅಂಗಡಿಗೆ ಓಡಿಬಂದಳು.

"ಶೆಟ್ಟರೇ, ನಮ್ಮವರ ಮೂರ್ಛೆರೋಗದ ಗುಳಿಗೆ ಬೆಳಗ್ಗೆಗೇ ಮುಗೀತು. ಓಲೆ ಬರೆಸೋಣ ಅಂದರೆ ಪಂಡಿತರು ಹೊಳೆಯಾಚೆ ಕೂತಿದ್ದಾರೆ. ಹಿಂದೊಮ್ಮೆ ಎರಡು ಹೊತ್ತು ಗುಳಿಗೆ ತಪ್ಪಿದ್ದಕ್ಕೆ ಮಡಕೆ ಸುಡೋ ಆವಿಗೆ ಉರೀತಿರುವಾಗಲೇ ಅದರ ಮೇಲೆ ಬಿದ್ದರು. ಕೈ ಸುಟ್ಟಿತು, ಜೀವ ಉಳೀತು. ಈ ಸಲ ಏನಾಗುತ್ತೋ!"

ಮರಿಶೆಟ್ಟಿ ತೊಲೆ ನೋಡಿದ. ಬಾಗಿಲು ನೋಡಿದ. ಕೊಟ್ಟರೆ ಅಂಗಡಿಗೆ ಬೀಗ. ಕೊಡದಿದ್ದರೆ ಗುಂಡಯ್ಯನ ಜೀವ.

ಗುಂಡಯ್ಯನ ದಾರ ಬಿಚ್ಚಿದ. ಹನ್ನೊಂದು ಓಲೆ ಇದ್ದವು. ಹನ್ನೊಂದರಲ್ಲೂ ಅದೇ ಗುಳಿಗೆ, ಬೆಳಗ್ಗೆ ಒಂದು, ಸಂಜೆ ಒಂದು.

"ಬೇರೆ ಯಾವುದಾದರೂ ಮದ್ದು ತಗೊಳ್ತಿದ್ದಾನಾ ತಾಯಿ? ಜ್ವರ, ವಾಂತಿ ಏನಾದರೂ?"

"ಏನೂ ಇಲ್ಲ. ಕಲ್ಲುಗುಂಡಿನ ಹಾಗಿದ್ದಾರೆ. ಬಯ್ಯೋದರಲ್ಲೂ ಏನೂ ಕಮ್ಮಿಯಾಗಿಲ್ಲ."

ಶೆಟ್ಟಿ ನಕ್ಕು ಆರು ಗುಳಿಗೆ ಕಟ್ಟಿಕೊಟ್ಟ.

"ಇಷ್ಟೇನಾ? ತಿಂಗಳದ್ದು ಕೊಟ್ಟುಬಿಡಿ ಶೆಟ್ಟರೇ."

"ತಿಂಗಳದ್ದು ಪಂಡಿತರ ಕೆಲಸ ತಾಯಿ. ಹೊಳೆ ಇಳಿಯೋವರೆಗಿನ ಮೂರು ದಿನ ಮಾತ್ರ ನನ್ನದು."

ಯಾರಿಗೆ, ಎಷ್ಟು, ಏಕೆ ಕೊಟ್ಟೆನೆಂದು ಒಂದು ತಾಳೆಗರಿಯಲ್ಲಿ ಬರೆದು ಅದನ್ನೂ ಆ ದಾರಕ್ಕೇ ಪೋಣಿಸಿದ.

ಇದನ್ನೆಲ್ಲ ಭರಮಣ್ಣ ಜಗುಲಿಯ ಮೇಲೆ ಕೂತು ನೋಡುತ್ತಿದ್ದ. "ಏನಯ್ಯಾ ಶೆಟ್ಟಿ, ಅವಳಿಗೆ ಓಲೆ ಇಲ್ಲದೆ ಕೊಟ್ಟೆ. ನನಗೂ ಒಂದು ಬೊಗಸೆ ನಿದ್ದೆ ಚೂರ್ಣ ಹಾಕು."

"ನಿನಗೆ ಒಂದು ಚಿಟಿಕೆಯೂ ಇಲ್ಲ ಪೈಲ್ವಾನ. ಗರಡಿಗೆ ಹೋಗಿ ನಾಲ್ಕು ಸುತ್ತು ಸಾಮು ಮಾಡು, ನಿದ್ದೆ ತಾನಾಗಿ ಬರುತ್ತೆ."

ಭರಮಣ್ಣನಿಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಅರಮನೆಗೆ ಹೋಗಿ ದೂರು ಕೊಟ್ಟ.

ಹೊಳೆ ಇಳಿದ ದಿನ ದೊರೆ ಎಲ್ಲರನ್ನೂ ಕರೆಸಿದರು. ಪಂಡಿತರು ದೋಣಿ ಇಳಿದವರೇ ಒದ್ದೆ ಪಂಚೆಯಲ್ಲೇ ಬಂದರು.

"ಶೆಟ್ಟಿ, ಕಟ್ಟಳೆ ಮುರಿದೆಯಾ?"

"ಮುರಿದೆ ದೊರೆ."

"ಅವಳಿಗೆ ಕೊಟ್ಟವನು ಇವನಿಗೆ ಯಾಕೆ ಕೊಡಲಿಲ್ಲ?"

"ಅವಳ ಗಂಡನ ಓಲೆಗಳು ನನ್ನ ತೊಲೆಯಲ್ಲಿವೆ. ಇವನ ಓಲೆ ಇವನ ನಾಲಿಗೆಯ ಮೇಲಿದೆ. ಅವನಿಗೆ ಮದ್ದು ತಪ್ಪಿದರೆ ಕೇಡು. ಇವನಿಗೆ ಸಿಕ್ಕಿದರೆ ಕೇಡು."

ಪಂಡಿತರು ಮೊದಲು ಹುಬ್ಬು ಗಂಟಿಕ್ಕಿದರು. ಶೆಟ್ಟಿ ಬರೆದ ಗರಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ, "ನಾನಿದ್ದಿದ್ದರೂ ಇದನ್ನೇ ಬರೀತಿದ್ದೆ. ಅಕ್ಷರ ಮಾತ್ರ ಇನ್ನೊಂದಿಷ್ಟು ಚೆನ್ನಾಗಿರ್ತಿತ್ತು" ಅಂದರು.

"ಆ ಗುಂಡಯ್ಯನನ್ನೂ ಒಮ್ಮೆ ನೋಡೋಣ, ಕರೆತನ್ನಿ" ಎಂದು ದೊರೆ ಆಳನ್ನು ಓಡಿಸಿದರು.

ಆಳು ಒಬ್ಬನೇ ತಿರುಗಿಬಂದ. "ಅವರು ಬರೋದಿಲ್ಲವಂತೆ ದೊರೆ. ಮಳೆ ಬಿಟ್ಟಿತು ಅಂತ ಆವಿಗೆಗೆ ಬೆಂಕಿ ಇಟ್ಟಿದ್ದಾರೆ. 'ನೆಟ್ಟಗೆ ನಿಂತಿದ್ದೇನೆ, ಮಡಕೆ ಬೇಯುತ್ತಿವೆ ಅಂತ ಹೇಳು. ಆವಿಗೆ ಆರಿದ ಮೇಲೆ ಬರ್ತೇನೆ' ಅಂದರು."

ದೊರೆಯ ಮಾತನ್ನು ಮೀರುವುದೆಂದರೇನು! ಆದರೆ ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮದ್ದು ತಪ್ಪಿದ್ದರೆ ಇವತ್ತು ಅವನನ್ನು ಹೊತ್ತುಕೊಂಡು ಬರಬೇಕಾಗುತ್ತಿತ್ತು."

ಅಂದೇ ಹೊಸ ಡಂಗುರ ಹೊಡೆಸಿದರು. ದಿನಾ ತಿನ್ನುವ ಮದ್ದು ಮುಗಿದು, ವೈದ್ಯರು ಸಿಗದೆ, ಮದ್ದು ನಿಂತರೆ ಜೀವಕ್ಕೆ ಕೇಡು ಎನ್ನುವಾಗ, ಹಳೆಯ ಓಲೆ ನೋಡಿ ಅಂಗಡಿಯವನು ಮೂರು ದಿನದ ಮದ್ದು ಕೊಡಬಹುದು. ಕೊಟ್ಟದ್ದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು. ಚೂರ್ಣವನ್ನು ಬೊಗಸೆಯಲ್ಲಿ ಕೇಳುವವರಿಗೆ ಹಳೆಯ ಕಟ್ಟಳೆಯೇ.

ನೀತಿ: ಕಟ್ಟಳೆ ಇರುವುದು ಜೀವ ಕಾಯುವುದಕ್ಕೆ. ಬಲ್ಲವನು ಆಪತ್ತಿನಲ್ಲಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು; ವಿಚಾರಿಸಿ, ಬೇಕಾದಷ್ಟೇ ಕೊಟ್ಟು, ಕೊಟ್ಟದ್ದನ್ನು ಮುಚ್ಚಿಡದೆ ಹೇಳಬೇಕು.