ಎಡಕ್ಕೆ ಎಳೆಯುವ ದೋಣಿ

"ಗುರುಗಳೇ, ನೀವು ಬೈದರೆ ಜನ ಮರುದಿನ ಹಣ್ಣು ಹಿಡಿದುಕೊಂಡು ಬರುತ್ತಾರೆ. ಅದೇ ಮಾತಿನಲ್ಲಿ ನಾನು ಬೈದರೆ ಗಂಟುಮೂಟೆ ಕಟ್ಟುತ್ತಾರೆ. ಯಾಕೆ ಹೀಗೆ?"

ಕೇಳಿದವನು ಚಿದಂಬರ. ಮೀಸೆ ಮೂಡುವ ಮೊದಲೇ ಆಶ್ರಮಕ್ಕೆ ಬಂದ ಶಿಷ್ಯ. ಗುರುಗಳಿಗೆ ವಯಸ್ಸಾಗಿತ್ತು. ಮುಂದೆ ಆಶ್ರಮವನ್ನು ನಡೆಸಬೇಕಾದವನು ಅವನೇ ಎಂದು ಎಲ್ಲರಿಗೂ ಗೊತ್ತಿತ್ತು. ಆ ಬೆಳಿಗ್ಗೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಅಡುಗೆಯ ಗೌರಕ್ಕನಿಗೆ, "ನಾಲಿಗೆ ಸತ್ತವರು ಒಲೆಯ ಮುಂದೆ ಕೂರಬಾರದು" ಎಂದಿದ್ದ. ಅದು ಗುರುಗಳದ್ದೇ ಮಾತು. ಹಿಂದೊಮ್ಮೆ ಅವರು ಹಾಗೆಂದಾಗ ಗೌರಕ್ಕ ನಕ್ಕು ಬೇರೆ ಸಾರು ಮಾಡಿದ್ದಳು. ಈ ಸಲ ಸೌಟನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ತಂಗಿಯ ಊರಿಗೆ ಹೊರಟುಹೋದಳು. ಹೀಗೆಯೇ ನಡೆದರೆ ಗುರುಗಳ ಕಾಲದ ನಂತರ ಆಶ್ರಮದಲ್ಲಿ ತಾನೂ ಗಂಟೆಯೂ ಇಬ್ಬರೇ ಉಳಿಯುತ್ತೇವೆ ಎಂದು ಚಿದಂಬರನಿಗೆ ಭಯವಾಗಿತ್ತು.

ಗುರುಗಳು ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಹತ್ತಿತೇನೋ ಎಂದು ಅವನು ಏಳುವಷ್ಟರಲ್ಲಿ ಅವರು ಒಂದು ಕತೆ ಹೇಳತೊಡಗಿದರು.

ಕಡಲತೀರದ ಒಂದು ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಅವನ ಹತ್ತಿರ ಒಂದು ಹಳೆಯ ಫೈಬರ್ ದೋಣಿ ಇತ್ತು. ಬೇರೊಂದು ಬಂದರಿನಲ್ಲಿ ಕೊಂಡದ್ದು. ಅವನ ಕೈಗೆ ಬರುವ ಮೊದಲೇ ಅದು ಎಲ್ಲೋ ಬಂಡೆಗೆ ತಾಗಿ, ಎಡಪಕ್ಕೆಯಲ್ಲಿ ಮೊರದಗಲ ತಗ್ಗು ಬಿದ್ದಿತ್ತು. ಹಿಂದಿನ ಒಡೆಯ ತಗ್ಗನ್ನು ಸರಿಮಾಡುವ ಗೋಜಿಗೆ ಹೋಗದೆ ಅದರ ಮೇಲೆಯೇ ತೇಪೆ ಹಾಕಿ ಕೈತೊಳೆದುಕೊಂಡಿದ್ದ.

ಆ ದೋಣಿ ಮೀನುಗಾರನನ್ನು ಸಾಕಿತು. ಬಲೆ ಬರಿದಾಗಿ ಬಂದ ದಿನಗಳು ಕಡಿಮೆ. ಆ ಊರಿನ ಹೊಳೆ ಕಡಲು ಸೇರುವ ಅಳಿವೆ ಬಾಯಿ ಬಹಳ ಇಕ್ಕಟ್ಟು. ಮರಳಿ ಬರುವಾಗ ಎಡಕ್ಕೆ ಬಂಡೆಗಳ ಸಾಲು. ಗಾಳಿ ಎದ್ದರೂ ಮಂಜು ಮುಸುಕಿದರೂ ಅವನ ದೋಣಿ ಮಾತ್ರ ನೆಟ್ಟಗೆ ಒಳಗೆ ಬರುತ್ತಿತ್ತು. "ಆ ದೋಣಿಗೆ ದಾರಿ ಗೊತ್ತು" ಎಂದು ಊರಿನವರು ಹೇಳುತ್ತಿದ್ದರು. ಕೇಳಿ ಕೇಳಿ ಅವನೂ ನಂಬಿದ. ಅದೃಷ್ಟವೆಲ್ಲ ಆ ತಗ್ಗಿನಲ್ಲಿದೆ ಎಂದು ಯಾರೋ ಅಂದರು. ಅಂದದ್ದೇ ತಡ, ಅವನ ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಹಚ್ಚತೊಡಗಿದಳು.

ಕಾಲ ಕಳೆದಂತೆ ದೋಣಿಗೆ ಮುಪ್ಪು ಬಂತು. ಮೈಮೇಲೆ ನೀರುಗುಳ್ಳೆಗಳೆದ್ದವು, ತಳ ಮೆತ್ತಗಾಯಿತು. ಮೀನುಗಾರ ಅದನ್ನು ಹಳೆಯ ದೋಣಿಗಳನ್ನು ರಿಪೇರಿ ಮಾಡುವ ಒಬ್ಬ ಕೆಲಸಗಾರನ ಬಳಿಗೆ ತಂದ. ಕೆಲಸಗಾರ ದೋಣಿಯನ್ನು ಮರಳಿನ ಮೇಲೆ ಮಗುಚಿ ಹಾಕಿ, ಬೆರಳ ಗೆಣ್ಣಿನಿಂದ ಮೈಯುದ್ದಕ್ಕೂ ತಟ್ಟಿ ನೋಡಿದ. ಗಟ್ಟಿಯಿದ್ದಲ್ಲಿ ದನಿ ಬಂತು, ಕೆಟ್ಟಲ್ಲಿ ಬರಲಿಲ್ಲ. ದನಿ ಬಾರದ ಕಡೆಯೆಲ್ಲ ಕೆರೆದು ತೆಗೆದ. ಗುಳ್ಳೆಗಳನ್ನು ಒಡೆದ; ಹುಳಿ ವಾಸನೆಯ ನೀರು ಸೋರಿತು. ದೋಣಿ ಎಷ್ಟೋ ದಿನ ಬಿಸಿಲು ಕುಡಿಯಿತು. ಒಣಗಿದ ಮೇಲೆ ಗಾಜಿನ ನಾರಿನ ಹಾಸು ಹೊದಿಸಿ, ಅದರ ಮೇಲೆ ರೆಸಿನ್ ಅಂಟು ಬಳಿಯುತ್ತಾ ಬಂದ. ತಗ್ಗಿನ ಹತ್ತಿರ ಕೈ ನಿಲ್ಲಿಸಿದ.

"ಇದನ್ನೂ ಕತ್ತರಿಸಿ ತೆಗೆದು ಪಕ್ಕೆ ನೆಟ್ಟಗೆ ಮಾಡಿಬಿಡುತ್ತೇನೆ. ಇದು ದೋಣಿಯನ್ನು ಎಡಕ್ಕೆ ಎಳೆಯುತ್ತದೆ" ಎಂದ.

"ಎಂತ ಎಳೆಯುವುದು ಮಾರಾಯ? ನಡೆಸಿದವನು ನಾನು. ಒಂದು ದಿನ ಅದು ಎಡಕ್ಕೆ ಹೋದದ್ದಿಲ್ಲ. ನಮ್ಮ ಮನೆಯ ಅನ್ನ ಇರುವುದೇ ಆ ತಗ್ಗಿನಲ್ಲಿ. ಅದೊಂದನ್ನು ಮುಟ್ಟಬೇಡ" ಎಂದ ಮೀನುಗಾರ.

ದೋಣಿ ಅವನದು. ಕೆಲಸಗಾರ ಮುಟ್ಟಲಿಲ್ಲ.

ಆ ದಿನ ಮಧ್ಯಾಹ್ನ ಮೀನುಗಾರ ಮಗುಚಿದ ದೋಣಿಯ ಕೆಳಗೆ ಮಲಗಿದ. ಹಳೆಯ ಬಣ್ಣವೆಲ್ಲ ಹೋಗಿದ್ದರಿಂದ ಬಿಸಿಲು ದೋಣಿಯ ಮೈಯನ್ನೇ ತೂರಿ ಒಳಗೆ ಬರುತ್ತಿತ್ತು. ಜೇನಿನ ಬಣ್ಣದ ಬೆಳಕು. ತಗ್ಗು ಇದ್ದಲ್ಲಿ ಮಾತ್ರ ಸ್ವಲ್ಪ ಕಪ್ಪು. ಹಾಗೆಯೇ ಅವನಿಗೆ ಕಣ್ಣು ಹತ್ತಿತು. ಕನಸಿನಲ್ಲಿ ದೋಣಿ ಮೆಲ್ಲಗೆ ಮೇಲೆದ್ದು ಆಕಾಶದಲ್ಲಿ ತೇಲಿತು. ಅದರ ಹೊಟ್ಟೆಯಿಂದ ಮರಿದೋಣಿಗಳು ಒಂದೊಂದಾಗಿ ನೀರಿಗಿಳಿದವು. ಒಂದಕ್ಕೂ ಹುಟ್ಟಿಲ್ಲ, ಎಂಜಿನ್ ಇಲ್ಲ. ಎಲ್ಲದರಲ್ಲೂ ಜನ ನಿದ್ದೆ ಮಾಡುತ್ತಿದ್ದಾರೆ. ದೋಣಿಗಳು ತಾವಾಗಿಯೇ ದಡದ ಕಡೆಗೆ ಬರುತ್ತಿವೆ. ಮೊದಲನೆಯದರಲ್ಲಿ ಮಲಗಿದವನು ಅವನ ಮಗ.

ಎಚ್ಚರವಾದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಮಗನಿಗೆ ಹೊಸದಾಗಿ ಮದುವೆಯಾಗಿತ್ತು. ತನ್ನದೇ ದೋಣಿ ಬೇಕೆಂದು ಕೇಳುತ್ತಿದ್ದ. ಕಡಲನ್ನು ಬಲ್ಲ ತಂದೆ ಇವತ್ತು ನಾಳೆ ಎಂದು ದಿನ ತಳ್ಳುತ್ತಿದ್ದ. ಹುಡುಗ ಮರಳಿ ಬಾರದಿದ್ದರೆ ಎಂಬ ಅಂಜಿಕೆ ಅವನಿಗಿತ್ತು. ಈಗ ಆ ಅಂಜಿಕೆ ಕರಗಿತು. ದಾರಿ ಗೊತ್ತಿರುವ ದೋಣಿಯ ಮರಿಗೂ ದಾರಿ ಗೊತ್ತಿರಲೇಬೇಕು ಎಂದುಕೊಂಡ.

ಮರದ ದೋಣಿಯಾದರೆ ಪ್ರತಿ ಸಲವೂ ಹಲಗೆ ಕೂಡಿಸಿ ಹೊಸದಾಗಿ ಕಟ್ಟಬೇಕು. ಫೈಬರ್ ದೋಣಿಗೆ ಅದು ಬೇಡ. ಮೈಗೆ ಮೇಣ ತಿಕ್ಕಿ, ಮೇಲೊಂದು ಹೊದಿಕೆ ಹೊದಿಸಿ, ಗಟ್ಟಿಯಾದ ಮೇಲೆ ಕಳಚಿದರೆ ಅದೇ ಅಚ್ಚು. ಆ ಅಚ್ಚಿನೊಳಗೆ ಬೇಕಾದಷ್ಟು ದೋಣಿ ಮಾಡಿಕೊಳ್ಳಬಹುದು. ಅಚ್ಚಿಗೆ ಒಳ್ಳೆಯದು ಕೆಟ್ಟದ್ದು ತಿಳಿಯದು. ಕಂಡದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ.

ಮೀನುಗಾರ ಹೇಳಿದಂತೆ ಕೆಲಸಗಾರ ಹಳೆಯ ದೋಣಿಯ ಅಚ್ಚು ತೆಗೆದ. ಮಗನಿಗೆ ಒಂದು ದೋಣಿಯಾಯಿತು, ಅವನ ಗೆಳೆಯರಿಗೂ ಒಂದೊಂದಾಯಿತು. ಎಲ್ಲದರ ಎಡಪಕ್ಕೆಯಲ್ಲೂ ಮೊರದಗಲ ತಗ್ಗು. ಹೆಂಗಸರು ಅಷ್ಟಕ್ಕೂ ಅರಿಸಿನ ಕುಂಕುಮ ಹಚ್ಚಿದರು. ಬೆಳಕಿರುವ ದಿನಗಳಲ್ಲಿ ಏನೂ ತೊಂದರೆಯಾಗಲಿಲ್ಲ. ದೋಣಿ ಎತ್ತ ಸರಿದರೂ ದಡ ಕಾಣುತ್ತಿತ್ತು, ತಿದ್ದಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಎಲ್ಲ ದೋಣಿಗಳೂ ಒಟ್ಟಿಗೆ ಮರಳುತ್ತಿರುವಾಗ ಮಂಜು ಬಿತ್ತು. ಕಡಲಿಲ್ಲ, ಆಕಾಶವಿಲ್ಲ, ಎಲ್ಲ ಬಿಳಿ. ಮುಂದಿದ್ದ ಮೀನುಗಾರನಿಗೆ ಹಿಂದಿನ ಎಂಜಿನುಗಳ ಸದ್ದಷ್ಟೇ ಕೇಳುತ್ತಿತ್ತು. ತಾನು ಕಂಡ ಕನಸು ಇದೇ ಅಲ್ಲವೇ ಎಂದು ಅವನಿಗೆ ಸಂತೋಷವಾಯಿತು. ಹಿಂದೆ ಮಗನೂ ಗೆಳೆಯರೂ ದೋಣಿಗೆ ದಾರಿ ಗೊತ್ತೆಂದು ಚುಕ್ಕಾಣಿಯನ್ನು ಸಡಿಲ ಬಿಟ್ಟು ಕುಳಿತಿದ್ದರು. ಸದ್ದು ಮೆಲ್ಲಮೆಲ್ಲಗೆ ಎಡಕ್ಕೆ ಸರಿಯಿತು. ದೂರವಾಯಿತು. ಆಮೇಲೆ ಒಂದೊಂದಾಗಿ ನಿಂತುಹೋಯಿತು.

ಮೀನುಗಾರ ದೋಣಿ ತಿರುಗಿಸಿಕೊಂಡು ಹೋದಾಗ ಹೊಸ ದೋಣಿಗಳೆಲ್ಲ ಪಕ್ಕೆ ಸೀಳಿಕೊಂಡು ಬಂಡೆಗಳ ಮೇಲೆ ಬಿದ್ದಿದ್ದವು. ಹುಡುಗರು ಬಂಡೆಗೆ ಅವಚಿಕೊಂಡಿದ್ದರು. ಮಗ ನೀರಿನಲ್ಲಿದ್ದ. ತಂದೆ ಅವನ ತಲೆಗೂದಲು ಹಿಡಿದು ಎಳೆದುಕೊಂಡ. ಜೀವ ಉಳಿಯಿತು. ಆದರೆ ಒಂದು ಕಾಲು ಮತ್ತೆ ಸರಿಹೋಗಲಿಲ್ಲ.

ಮೀನುಗಾರ ಕೆಲಸಗಾರನ ಬಾಗಿಲಿಗೆ ಬಂದು ನಿಂತ. "ಅದೇ ಅಚ್ಚು, ಅದೇ ಮೈ. ನನ್ನ ದೋಣಿ ಮನೆಗೆ ಬರುತ್ತದೆ, ನನ್ನ ಮಗನ ದೋಣಿ ಬಂಡೆಗೆ ಹೋಗುತ್ತದೆ. ಏನು ಬೆರೆಸಿದೆ ನೀನು?" ಎಂದು ಕೇಳಿದ.

ಕೆಲಸಗಾರ ಜಗಳಕ್ಕೆ ನಿಲ್ಲಲಿಲ್ಲ. ಹೋಗಿ ಅವನ ಹಳೆಯ ದೋಣಿಯಲ್ಲಿ ಕುಳಿತ. ಇಬ್ಬರೂ ಅಳಿವೆಯ ಹೊರಗೆ ಹೋಗಿ ತಿರುಗಿದರು. ಕಡಲು ಶಾಂತವಾಗಿತ್ತು. ಕೆಲಸಗಾರ, "ಈಗ ಕೈ ಬಿಡು" ಎಂದ.

ಮೀನುಗಾರ ಚುಕ್ಕಾಣಿಯಿಂದ ಕೈ ತೆಗೆದ. ಕೊಟ್ಟಿಗೆ ಕಂಡ ಹಸುವಿನ ಹಾಗೆ ದೋಣಿ ಎಡಕ್ಕೆ ತಿರುಗಿತು. ಬಂಡೆಗಳು ಹತ್ತಿರವಾದವು. ಅವನು ತಟ್ಟನೆ ಚುಕ್ಕಾಣಿ ಹಿಡಿದ, ದೋಣಿ ದಾರಿಗೆ ಬಂತು. ಆಗ ಅವನು ಮೊದಲ ಬಾರಿಗೆ ತನ್ನ ಕೈಯನ್ನು ನೋಡಿದ. ಮಣಿಕಟ್ಟು ಒಂದು ಕಡೆಗೆ ಸೊಟ್ಟಗಾಗಿತ್ತು. ಅಂಗೈಯ ಅರ್ಧ ಮಾತ್ರ ಜಡ್ಡುಗಟ್ಟಿತ್ತು. ದೋಣಿ ಎಡಕ್ಕೆ ಹೋಗದಂತೆ ಕೈ ಚುಕ್ಕಾಣಿಯನ್ನು ಒಂದೇ ಸಮನೆ ಒತ್ತಿ ಹಿಡಿದಿತ್ತು. ನಿದ್ದೆಯಲ್ಲೂ ನಿಮ್ಮ ಕೈ ಏನನ್ನೋ ಒತ್ತುತ್ತಿರುತ್ತದೆ ಎಂದು ಹೆಂಡತಿ ನಗುತ್ತಿದ್ದದ್ದು ಆಗ ಅವನಿಗೆ ಅರ್ಥವಾಯಿತು. ಅವನು ದೋಣಿಯಲ್ಲೇ ಕುಳಿತು ಅತ್ತ. ದಡ ಮುಟ್ಟುವವರೆಗೂ ಅತ್ತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಮುಗಿಯಿತೋ ಇನ್ನೂ ಇದೆಯೋ ಚಿದಂಬರನಿಗೆ ತಿಳಿಯಲಿಲ್ಲ. "ಆಮೇಲಾದರೂ ಅವನು ಆ ತಗ್ಗು ತೆಗೆಸಿದನೇ?" ಎಂದು ಕೇಳಿದ.

"ತೆಗೆಸಿದ. ಬಹಳ ದಿನ ದೋಣಿ ಬಲಕ್ಕೇ ಹೋಗುತ್ತಿತ್ತು."

ಚಿದಂಬರ ನಕ್ಕ. ಗುರುಗಳು ನಗಲಿಲ್ಲ.

"ನನ್ನ ಸಿಟ್ಟಿನ ಅಚ್ಚು ನಿನ್ನಲ್ಲಿ ಚೆನ್ನಾಗಿ ಮೂಡಿದೆ ಮಗೂ, ಆದರೆ ಅದನ್ನು ಹಗಲೂ ರಾತ್ರಿ ಒತ್ತಿ ಹಿಡಿದಿರುವ ನನ್ನ ಕೈಯನ್ನು ನೀನು ನೋಡಿಯೇ ಇಲ್ಲ."